ಸೋತ ಮಂತ್ರಿಯ ಪ್ರಬಂಧ

ಚುನಾವಣೆಯಲ್ಲಿ ಸೋತ ಹತ್ತನೆಯ ದಿನ ಮಾಜಿ ಮಂತ್ರಿಗಳು ಪತ್ರಿಕಾ ಕಚೇರಿಯ ಮೆಟ್ಟಿಲನ್ನು ಒಬ್ಬರೇ ಹತ್ತಿ ಬಂದು ಪುರವಣಿ ಸಂಪಾದಕರ ಮೇಜಿನ ಮುಂದೆ ನಿಂತರು. ಹಿಂದೆ ಮುಂದೆ ಯಾರೂ ಇರಲಿಲ್ಲ. ಕೈಯಲ್ಲಿ ಮಡಿಸಿದ ನಾಲ್ಕು ಹಾಳೆ.

"ಒಂದು ಹಾಸ್ಯ ಪ್ರಬಂಧ ತಂದಿದೀನಿ. ನೋಡ್ತೀರಾ?"

"ಕೂತ್ಕೊಳ್ಳಿ," ಎಂದರು ಸಂಪಾದಕರು. ಒಳಗೊಳಗೆ ಅವರಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಸಂಪಾದಕರೂ ಹಾಸ್ಯ ಬರೆಯುವವರೇ. ಇಪ್ಪತ್ತೆರಡು ವರ್ಷದಿಂದ ಪ್ರತಿ ಭಾನುವಾರ ಅವರ ಅಂಕಣ ಬರುತ್ತಿತ್ತು. ಓದಿ ನಕ್ಕೆವೆಂದು ಬಂದ ಪತ್ರಗಳು ಬೆರಳೆಣಿಕೆಯಷ್ಟು. ಮಂತ್ರಿಗಳ ಪ್ರಬಂಧ ಬರುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ. ಬಂದ ದಿನ ಸಂಪಾದಕರ ಹೆಂಡತಿಯೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದಳು. "ಅದನ್ನ ಬರೆಯೋದು ಅವರ ಆಪ್ತ ಕಾರ್ಯದರ್ಶಿ ಕಣೇ," ಎಂದು ಇವರು ಹೊಟ್ಟೆಯುರಿ ನುಂಗಿಕೊಂಡು ಹೇಳುತ್ತಿದ್ದರು. ಸಿಕ್ಕಸಿಕ್ಕವರಿಗೂ ಹೇಳಿದರು. ಹೇಳಿ ಹೇಳಿ ಕೊನೆಗೆ ತಾವೂ ನಂಬಿಬಿಟ್ಟಿದ್ದರು.

ಈಗ ಕುರ್ಚಿ ಹೋಗಿತ್ತು, ಕುರ್ಚಿಯ ಜೊತೆ ಕಾರ್ಯದರ್ಶಿಯೂ ಹೋಗಿದ್ದ. 'ಸ್ಥಳಾಭಾವ' ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು ಸಂಪಾದಕರು ಹಾಳೆ ಬಿಡಿಸಿದರು.

ಮಂತ್ರಿಗಳದೇ ಕೈಬರಹ. ಗೀಚಿ, ಹೊಡೆದುಹಾಕಿ, ಅಂಚಿನಲ್ಲಿ ಮತ್ತೆ ತಿದ್ದಿ ಬರೆದದ್ದು. ಸೋತ ಮರುದಿನ ಬೆಳಿಗ್ಗೆ ನಲ್ಲಿ ಸೋರುತ್ತಿದೆ ಎಂದು ಹೆಂಡತಿ ದೂರಿದಾಗ, ಮಂತ್ರಿಗಳು ದಿಂಬಿನಿಂದ ತಲೆಯೆತ್ತದೆ "ಪರಿಶೀಲಿಸಲಾಗುವುದು" ಎಂದರಂತೆ. "ಅದಕ್ಕೇ ನೀವು ಸೋತಿದ್ದು," ಎಂದು ಆಕೆ ಬಕೆಟ್ಟು ತಂದು ಕೈಗೆ ಕೊಟ್ಟಳಂತೆ.

ಸಂಪಾದಕರು ತುಟಿ ಕಚ್ಚಿದರು. ಕೆಮ್ಮಿದಂತೆ ಮಾಡಿದರು. ಎರಡನೆಯ ಹಾಳೆಗೆ ಬರುವಷ್ಟರಲ್ಲಿ ಹಿಡಿತ ತಪ್ಪಿ, ಮೇಜು ಅಲುಗುವಂತೆ ನಕ್ಕುಬಿಟ್ಟರು. ಪಕ್ಕದ ಮೇಜಿನ ಉಪಸಂಪಾದಕಿ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಅವರ ನಗು ಅವಳ ಕಿವಿಗೆ ಬಿದ್ದಿರಲಿಲ್ಲ.

ಕಣ್ಣಂಚು ಒರೆಸಿಕೊಳ್ಳುತ್ತಿದ್ದವರನ್ನು ಮಂತ್ರಿಗಳು ಅಳುಕುತ್ತಲೇ ಕೇಳಿದರು: "ಹಾಕಬಹುದಾ?"

ಸಿದ್ಧವಾಗಿದ್ದ ಮಾತು ಬಾಯಿಗೆ ಬರಲಿಲ್ಲ. "ಹಾಕೋಣ," ಎಂದರು ಸಂಪಾದಕರು, ಯಾರೋ ಕತ್ತು ಹಿಡಿದು ಹೇಳಿಸಿದಂತೆ.

ಮಂತ್ರಿಗಳ ಮುಖ ಅರಳಿತು. "ಅಧಿಕಾರದಲ್ಲಿದ್ದಾಗ ಬರೆಯೋಕೆ ಪುರುಸೊತ್ತೇ ಸಿಗ್ತಿರಲಿಲ್ಲ ನೋಡಿ. ಇನ್ಮೇಲೆ ಆ ತೊಂದರೆ ಇಲ್ಲ. ವಾರಕ್ಕೊಂದು ತಂದುಕೊಡ್ತೀನಿ."

ಸಂಪಾದಕರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಮುಂದಿನ ಚುನಾವಣೆಗೆ ಇನ್ನೂ ಐದು ವರ್ಷವಿತ್ತು.