ಗರಿ ಕಟ್ಟಿದ ಸೆನ್ಸರ್

2025ರ ಅಕ್ಟೋಬರ್ 1, ಬುಧವಾರ, ಸಂಜೆ 6 ಗಂಟೆ 40 ನಿಮಿಷ. ಹರ್ಷವರ್ಧನ್ ಕೊನೆಯ ಗಾಳವನ್ನು ವರ್ನಿಯರ್‌ನಲ್ಲಿ ಹಿಡಿದು ಅಳತೆ ನೋಡುತ್ತಿದ್ದಾಗ ಕೋಣೆಯ ಬಾಗಿಲು ದಬದಬ ಬಡಿದ ಸದ್ದಾಯಿತು.

"ಏನೋ ಅದು, ಹಬ್ಬದ ದಿನ ಚಿಲಕ ಹಾಕ್ಕೊಂಡು?"

ಅಮ್ಮ. ಜೋಡಿಸಿಟ್ಟ ಒಂಬತ್ತು ಅಡಿಯ ಗಾಳದ ಕೋಲನ್ನು ಎಲ್ಲಿ ಬಚ್ಚಿಡುವುದು? ರೀಲಿಗೆ ಹಸಿರು ದಾರ ಸುತ್ತಿಯಾಗಿತ್ತು. ಅದರ ತುದಿಗೆ ನೈಲಾನ್ ಎಳೆ ಗಂಟು ಹಾಕಿಯಾಗಿತ್ತು. ಡಬ್ಬಿಯಲ್ಲಿ ಹನ್ನೆರಡು ಗಾಳಗಳು. ಮೀನಿನ ಕಣ್ಣಿಗೆ ನೊಣದಂತೆ ಕಾಣಲೆಂದು ಪ್ರತಿಯೊಂದಕ್ಕೂ ಅವನೇ ಕೋಳಿಗರಿ ಕಟ್ಟಿದ್ದ. ಅಳತೆಯ ಉಪಕರಣಗಳನ್ನು ತಾಳೆ ನೋಡುವ ಪೀಣ್ಯದ ಕ್ಯಾಲಿಬ್ರೇಶನ್ ಲ್ಯಾಬಿನವನು. ಗಾಳದ ಮೊನೆ, ಅಂದರೆ ಬಾಗಿ ಮೇಲೆದ್ದ ಚೂಪು ತುದಿ, ಎಲ್ಲದರಲ್ಲೂ 4.20 ಮಿಲಿಮೀಟರ್ ಉದ್ದ ಇದೆಯೆಂದು ನೋಡಿಕೊಳ್ಳದೆ ಅವನಿಗೆ ಸಮಾಧಾನವಿಲ್ಲ.

ಈ ಮನೆಗೆ ಮೊಟ್ಟೆಯೂ ಬರುವಂತಿಲ್ಲ. ಒಮ್ಮೆ ಅವನ ಅಂಗಿಯಲ್ಲಿ ಎಗ್ ಪಫ್‌ನ ವಾಸನೆ ಹಿಡಿದು ಅಮ್ಮ ಮಾಲಾ ಎರಡು ದಿನ ಊಟ ಬಿಟ್ಟಿದ್ದರು. ಮೀನೆಂದರೆ ಕೇಳುವುದೇ ಬೇಡ. ಆದರೆ ಲ್ಯಾಬಿನ ಶಶಿಕುಮಾರ್ ಸುಮ್ಮನಿರಬೇಕಲ್ಲ.

"ಒಂದೇ ಒಂದು ಮೀನು ಹಿಡಿದು ತೋರ್ಸು ಗುರು, ಬೇಕಾದ್ರೆ ವಾಪಸ್ ನೀರಿಗೆ ಬಿಡು. ಅಲ್ಲೀವರೆಗೂ ನಿನ್ ಹೆಸರು ಸೊಪ್ಪುಸಾರೇ."

ಆ ಹೆಸರು ಈಗ ಇಡೀ ಲ್ಯಾಬಿಗೆ ಹಬ್ಬಿತ್ತು. ನಾಳೆ ಬೆಳಿಗ್ಗೆ ಇಬ್ಬರೂ ರಾಮನಗರದಾಚೆಯ ಒಂದು ಖಾಸಗಿ ಕೆರೆಗೆ ಹೊರಡುವವರಿದ್ದರು.

ಹರ್ಷ ಬಾಗಿಲು ತೆಗೆದ.

"ಕೆರೆ ಆಳ ಅಳೆಯೋ ಇನ್‌ಸ್ಟ್ರುಮೆಂಟ್ ಅಮ್ಮ. ನಾಳೆ ಫೀಲ್ಡ್ ವಿಸಿಟ್."

"ಇವು?"

"ಸೆನ್ಸರ್."

"ಗರಿ ಯಾಕೋ?"

"ಗಾಳಿ ದಿಕ್ಕು ಗೊತ್ತಾಗಕ್ಕೆ."

ಮಾಲಾ ಒಂದನ್ನೆತ್ತಿ ಬೆರಳಿಗೆ ಒತ್ತಿ ನೋಡಿದರು. "ಚುಚ್ಚತ್ತಲ್ಲೋ."

"ಸೆನ್ಸರ್ ಅಲ್ವಾಮ್ಮ, ಸೂಕ್ಷ್ಮ."

"ನಾಳೆ ಗಾಂಧಿ ಜಯಂತಿ ಕಣೋ. ಇವಕ್ಕೂ ರಜ ಇಲ್ವಾ?" ಎಂದು ಡಬ್ಬಿಯನ್ನೇ ಕೈಗೆತ್ತಿಕೊಂಡರು. "ಹೋಗ್ಲಿ, ಇದೂ ಆಯುಧ ತಾನೆ. ಪೂಜೆಗಿಡೋಣ."

ಬೇಡವೆಂದರೆ ಸಂಶಯ. ಮಿಕ್ಸಿ, ಸ್ಕೂಟರ್ ಕೀ, ವರ್ನಿಯರ್‌ಗಳ ಪಕ್ಕದಲ್ಲಿ ಕೋಲಿಗೂ ಸೇವಂತಿಗೆ ಹಾರ ಬಿತ್ತು. ಪೂಜೆಗಿಟ್ಟದ್ದನ್ನು ಬೆಳಗಿನವರೆಗೆ ಮುಟ್ಟುವಂತಿಲ್ಲ. ನೈಲಾನ್ ಕತ್ತರಿಸಲು ಅವನು ಹೊಸದಾಗಿ ತಂದಿದ್ದ ನೇಲ್ ಕಟರನ್ನೂ ಅಮ್ಮ ಕೇಳಿ ಇಸಿದುಕೊಂಡರು. ದೀಪ ಹಚ್ಚಿದ ಮೇಲೆ ಉಗುರಿನ ಮಾತೆತ್ತಿದರೂ ಗದರುವವರು!

"ಅದೂ ದುಡಿಯತ್ತಲ್ಲೋ, ಪಾಪ" ಎಂದರು.

ಬೆಳಿಗ್ಗೆ ನೋಡಿದರೆ ಪ್ರತಿ ಗಾಳದ ತುದಿಗೂ ಗಂಧ, ಅದರ ಮೇಲೆ ದಪ್ಪನೆಯ ಕುಂಕುಮದ ಬೊಟ್ಟು.

"ಒರೆಸ್ಬೇಡ. ನೀರಿಗೆ ಬಿದ್ರೆ ಅದೇ ಹೋಗತ್ತೆ."

ಹರ್ಷ ಒಳಗೊಳಗೇ ನಕ್ಕ. ಮೊಟ್ಟೆ ಕಂಡರೆ ಉಪವಾಸ ಕೂರುವ ಅಮ್ಮ ಕೈಯಾರೆ ಗಾಳಕ್ಕೆ ಮಂಗಳಾರತಿ ಮಾಡಿದ್ದರು!

ಕೆರೆಯಲ್ಲಿ ಅವನ ಬೀಸು ಶಶಿಕುಮಾರನನ್ನೇ ಬೆರಗಾಗಿಸಿತು. ದಾರ ಸುರುಳಿ ಬಿಚ್ಚಿಕೊಂಡು ಹೋಗಿ ಗರಿ ಹಗುರವಾಗಿ ನೀರ ಮೇಲೆ ಕೂರುತ್ತಿತ್ತು. ಮೀನು ಬರುತ್ತಿತ್ತು. ಬಾಯಿ ಹಾಕುತ್ತಿತ್ತು. ಎಳೆದರೆ ಬಿಟ್ಟು ಹೋಗುತ್ತಿತ್ತು. ಮಧ್ಯಾಹ್ನದವರೆಗೂ ಇದೇ ಕಥೆ.

"ಏನ್ ಸೊಪ್ಪುಸಾರು, ಬಂದು ಬಂದು ಮುತ್ತು ಕೊಟ್ಟು ಹೋಗ್ತಾವಲ್ಲೋ!"

ಗಾಳ ಬದಲಿಸೋಣವೆಂದು ನೇಲ್ ಕಟರ್ ತೆಗೆದ. ನೈಲಾನ್ ಎಳೆ ತುಂಡಾಗಲೇ ಇಲ್ಲ. ಹೊಸ ಕಟರಿನ ಅಂಚಿನ ತುಂಬ ಕಚ್ಚುಗಳು. ಅಂಗಡಿಯವನನ್ನು ಬೈದುಕೊಳ್ಳುವಷ್ಟರಲ್ಲಿ ಫೋನ್ ಬಂತು.

"ಸಿಕ್ತೇನೋ?"

"ಏನಮ್ಮ?"

"ಆಳ ಕಣೋ, ಕೆರೆ ಆಳ."

"ಇನ್ನೂ ಇಲ್ಲ."

"ಹೋಗ್ಲಿ ಬಿಡು. ಪಾಯಸ ಮಾಡಿದೀನಿ, ಬೇಗ ಬಾ."

ಹರ್ಷ ಕಟರಿನ ಅಂಚನ್ನು ಮತ್ತೊಮ್ಮೆ ನೋಡಿದ. ಕುಂಕುಮ ತೊಳೆದುಹೋಗಿದ್ದ ಗಾಳವನ್ನು ನೋಡಿದ. ಚೀಲದಿಂದ ವರ್ನಿಯರ್ ತೆಗೆದ.

ನಿನ್ನೆ 4.20 ಇದ್ದ ಮೊನೆ ಈಗ 1.60 ಮಿಲಿಮೀಟರ್.