ಕುಳಿತಿದ್ದ ಕೊಡಗಳು

ವಾಚಕ ಮಹಾಶಯರೇ, ಸಾಯಗಾಂವದಾಚೆಯ ಈ ಪುಟ್ಟ ವಾಡಿಯಲ್ಲಿ ಬೇವಿನ ಗಿಡದಿಂದ ಹಾದಿಯವರೆಗೆ ಸಾಲಾಗಿ ಇಟ್ಟಿರುವ ಕೊಡಗಳನ್ನು ತಾವು ದಯಮಾಡಿ ಅವಲೋಕಿಸಬೇಕು. ಮನೆಗೊಂದು ಕೊಡವಿದೆ; ಮನೆಗಳಲ್ಲಿ ಮಾತ್ರ ಜನರಿಲ್ಲ. ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಎಲ್ಲರೂ ಗಂಟುಮೂಟೆ ಕಟ್ಟಿ ಪುಣೆಯ ಹಾದಿ ಹಿಡಿದಿದ್ದರು. ಉಳಿದವಳು ಅನುಸೂಯಾಬಾಯಿ ಒಬ್ಬಳೇ. ಅವಳು ನಸುಕಿನಲ್ಲೆದ್ದು, ಹೋದವರ ಕೊಡಗಳನ್ನೆಲ್ಲ ಹೊರತಂದು, ನೀರಿನ ಪಾಳಿಯಲ್ಲಿ ಯಾರದು ಯಾರ ಹಿಂದೆ ಇರುತ್ತಿತ್ತೋ ಹಾಗೆಯೇ ಜೋಡಿಸಿದ್ದಳು.

ಮಚ್ಛೇಂದ್ರ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ಹುಟ್ಟಿದ್ದು ಇದೇ ವಾಡಿಯಲ್ಲಿ. ತಾಯಿ ತೀರಿಹೋದ ಮೇಲೆ ಹಳೆಯ ಪುಸ್ತಕಗಳನ್ನು ಮಾರುತ್ತ ಔರಾದ, ಬೀದರ, ಹೈದರಾಬಾದ ಎಂದು ತಿರುಗುವವನು. ಹಿಂದಿನ ಸಂಜೆಯಷ್ಟೇ ಭಾಲ್ಕಿಯಿಂದ ನಡೆದು ಬಂದಿದ್ದ.

"ಕೊಡಗಳ ಸಂತಿ ಹಚ್ಚೀರೇನು ವೈನಿ?"

"ಊರಾಗ ಮಂದಿ ಇಲ್ಲಂದ್ರ ಟ್ಯಾಂಕರ ಬಂದ್ ಅಂತ ಮಕ್ಸೂದಭಾಯಿ ಹೇಳ್ಯಾನ. ನೀರು ನಿಂತ್ರ ನಾನೂ ಹೋಗಬೇಕು. ನಿಮ್ಮಣ್ಣ ತಿರುಗಿ ಬಂದ್ರ ಯಾರನ್ನ ಕೇಳ್ಬೇಕು?"

ಅವಳ ಗಂಡ ಕಾಶೀರಾಮ, ಓಣಿಯ ವಾವೆಯಲ್ಲಿ ಮಚ್ಛೇಂದ್ರನಿಗೆ ಅಣ್ಣ, ಹೋದ ವರ್ಷವೇ ದುಡಿಯಲು ಹೋದವನು. ಸತ್ತನೋ ಇದ್ದಾನೋ ಸುದ್ದಿಯಿಲ್ಲ. ಬಂದರೆ ಅವನು ಬರುವುದು ಈ ಬಾಗಿಲಿಗೇ.

ಟ್ಯಾಂಕರ ಬಂದು ನಿಂತಿತು. ಡ್ರೈವರ ಮಕ್ಸೂದ ಇಳಿದು, ಬೀಡಿ ಹಚ್ಚಿ, ಸಾಲಿನ ತುದಿಯವರೆಗೆ ನಡೆದು ಮರಳಿದ.

"ಬಾಯಿ, ದಫ್ತರದ ಸಾಹೇಬ್ರು ರೆಸಿಡೆಂಟ್ ಎಷ್ಟು ಅಂತ ಕೇಳ್ಯಾರ. ಕೊಡ ಎಷ್ಟು ಅಂತ ಕೇಳಿಲ್ಲ."

"ರೆಸಿಡೆಂಟ್ ಅಂದ್ರ ಏನಪ್ಪಾ ಮತ್ತ?"

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಮಚ್ಛೇಂದ್ರನಿಗಿರಲಿಲ್ಲ. "ಊರಾಗ ಇರಾವ ಅಂತ ವೈನಿ. ಇಂಗ್ಲೀಷಿಗೆ ಲ್ಯಾಟಿನ್ ಭಾಷಾದಿಂದ ಬಂದದ್ದು. ಮೂಲದಾಗ ಅದರ ಅರ್ಥ ಹಿಂದ ಕುಂತಾವ. ಎಲ್ಲಾರೂ ಎದ್ದು ಹೋದ್ರೂ ಕುಂತಲ್ಲೇ ಕುಂತಾವ, ಅವನೇ ರೆಸಿಡೆಂಟ್."

"ಹಾಂಗಾದ್ರ ಹೇಳು ಹೋಗು ಮಕ್ಸೂದಭಾಯಿ. ಇವೆಲ್ಲ ಕುಂತಾವಲ್ಲ, ಒಂದಾದ್ರೂ ಎದ್ದದೇನು?"

ಮಕ್ಸೂದ ನಗಲಿಲ್ಲ. "ಒಬ್ಬಾಕಿ ಸಲುವಾಗಿ ಟ್ಯಾಂಕರ ಕಳಸೂದಿಲ್ಲ ಬಾಯಿ. ಇನ್ನೊಂದು ಮನಿ ಒಲಿ ಹತ್ತಲಿ, ವಸ್ತಿ ಅದ ಅಂತ ನಾನೇ ಹೇಳ್ತೇನಿ."

ಅನುಸೂಯಾಬಾಯಿ ಮಚ್ಛೇಂದ್ರನ ಕಡೆ ತಿರುಗಿದಳು.

"ಮಳಿ ಬರೂತನಕ ಅಷ್ಟೇ. ನಿಮ್ಮ ಮಾಳಿಗಿ ಇನ್ನಾ ಗಟ್ಟಿ ಅದ. ಪುಸ್ತಕ ಓದಕೋತ ಕುಂದ್ರಪ್ಪಾ."

ಅವನು ದೃಷ್ಟಿ ತಪ್ಪಿಸಿದ. ತಪ್ಪಿಸಿದ ದೃಷ್ಟಿ ಹೋಗಿ ನಿಂತದ್ದು ಸಾಲಿನ ಕೊನೆಯಲ್ಲಿದ್ದ, ಕಂಠ ನೆಗ್ಗಿದ ತಾಮ್ರದ ಕೊಡದ ಮೇಲೆ. ಅವನ ತಾಯಿಯದು. ಕೇಳುವ ಮೊದಲೇ ಅವಳು ಅವನನ್ನೂ ಸಾಲಿಗೆ ಸೇರಿಸಿಬಿಟ್ಟಿದ್ದಳು. ಒಂದೇ ಸೂರು, ಒಂದೇ ಒಲೆ, ದಿನವೂ ಅದೇ ಬೇವಿನ ಗಿಡ. ಅವನು ಪುಸ್ತಕಗಳನ್ನು ಹತ್ತಿರಕ್ಕೆಳೆದುಕೊಂಡ.

"ಬೀದರದಾಗ ಗಿರಾಕಿ ದಾರಿ ಕಾಯ್ತಾರ ವೈನಿ," ಎಂದ. ಬೀದರದಲ್ಲಿ ಯಾರೂ ಕಾಯುತ್ತಿರಲಿಲ್ಲ.

ಮಕ್ಸೂದ ಬೀಡಿ ಹೊಸಕಿ, ಪೈಪು ಹಿಡಿದು, ಎಲ್ಲ ಕೊಡಗಳನ್ನೂ ತುಂಬಿದ, ನೆಗ್ಗಿದ್ದನ್ನೂ ಬಿಡಲಿಲ್ಲ. ಟ್ಯಾಂಕರ ಹೋದ ಮೇಲೆ ಬಹಳ ಹೊತ್ತು ಧೂಳು ಹಾದಿಯ ಮೇಲೆ ನಿಂತೇ ಇತ್ತು.

ಮಚ್ಛೇಂದ್ರ ಪುಸ್ತಕಗಳನ್ನು ಧೋತರದ ತುಂಡಿನಲ್ಲಿ ಕಟ್ಟಿ ಹೆಗಲಿಗೇರಿಸಿದ.

"ಬಾಟಲಿ ತಾ ಇಲ್ಲಿ," ಎಂದಳು ಅನುಸೂಯಾಬಾಯಿ. ಅವನ ತಾಯಿಯ ಕೊಡವನ್ನೆತ್ತಿ ಬಾಟಲಿ ತುಂಬಿಸಿದಳು. ಉಳಿದ ನೀರನ್ನು ತನ್ನ ಹಂಡೆಗೆ ಸುರಿದು, ಖಾಲಿ ಕೊಡವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. "ದೂರ ಅದ. ಬಿಸಿಲು ಏರೂದ್ರಾಗ ನಡಿ."

ಅವನು ನಡೆದ. ಹಾದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ, ತುಂಬಿದ ಕೊಡಗಳ ಸಾಲಿನ ಕೊನೆಯಲ್ಲಿ, ಆ ಕೊಡವಿದ್ದ ಒದ್ದೆ ಗುರುತಿನ ಮೇಲೆ ಅನುಸೂಯಾಬಾಯಿ ಕುಳಿತಿದ್ದಳು.