ಕಡಲಹೂವಿಗೆ ಒಂದೇ ತುತ್ತು

ತೊಟ್ಟಿಯ ನೀರು ಮತ್ತೆ ಕಲಕಿತ್ತು. ಕಡಲಹೂವಿನ ಬುಡದಲ್ಲಿ ಅರ್ಧ ಕರಗಿದ ಸೀಗಡಿಯ ಚೂರು ಬಿದ್ದಿತ್ತು. ಹೂವು ತಿಂದದ್ದನ್ನು ಕಕ್ಕಿತ್ತು.

ಸೊಸೆ ಗಾಜಿಗೆ ಮುಖ ತಾಗಿಸಿ ನೋಡಿದಳು. ಯಾರೋ ಮತ್ತೆ ಉಣಿಸಿದ್ದಾರೆ. ಯಾರೋ ಏನು ಬಂತು? ಹಗಲು ಹೊತ್ತು ಮನೆಯಲ್ಲಿರುವವರು ಇಬ್ಬರೇ: ತಾನು, ಮತ್ತು ಅತ್ತೆ.

ಮನೆಯವರು ಹೂವು ಎನ್ನುತ್ತಿದ್ದರೂ ಅದು ಪ್ರಾಣಿ. ಸೀ ಅನಿಮೋನ್. ಕಲ್ಲಿಗೆ ಅಂಟಿಕೊಂಡು, ಎಸಳಿನಂಥ ಬೆರಳುಗಳನ್ನು ಆಡಿಸುತ್ತ, ಸಿಕ್ಕಿದ್ದನ್ನು ಹಿಡಿದು ನಡುವಿನ ಬಾಯಿಗೆ ಒಯ್ಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಗಂಡ ತಂದುಕೊಟ್ಟದ್ದು. ಆಗ ಬೊಗಸೆಯಲ್ಲಿ ಹಿಡಿಸುವಷ್ಟಿತ್ತು, ಆಮೇಲೆ ಊಟದ ತಟ್ಟೆಯಷ್ಟು ಅಗಲವಾಯಿತು. ಮಕ್ಕಳಿಲ್ಲದ ಮನೆಯಲ್ಲಿ ಅದಕ್ಕೆ ಉಣಿಸುವುದು ಅವಳ ಸುಖಗಳಲ್ಲೊಂದು. ವಾರಕ್ಕೆರಡು ಸಲ, ಉಗುರಿನಷ್ಟು ಸೀಗಡಿ, ಚಿಮುಟದ ತುದಿಯಲ್ಲಿ. ಹೆಚ್ಚಾದರೆ ಕಕ್ಕುತ್ತದೆ, ನೀರು ಕೆಡುತ್ತದೆ, ಕೆಟ್ಟ ನೀರಿನಲ್ಲಿ ಅದೇ ಕರಗಿಹೋಗುತ್ತದೆ. ಅಳತೆಯ ಮಾತನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಔಷಧಿ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದವಳು.

ಆ ಕೆಲಸ ಬಿಟ್ಟಾಗಲೇ ಅತ್ತೆ ಬಂದದ್ದು. ಗಂಡ ಬಸ್ಸಿನ ಚಾಲಕ, ಬೆಳಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಒಂದು ದಿನ ತಾಯಿಯನ್ನು ಪೆಟ್ಟಿಗೆಸಮೇತ ಕರೆತಂದು, "ಹಗಲು ಹೊತ್ತು ಒಬ್ಬರನ್ನೇ ಬಿಡೋ ಹಾಗಿಲ್ಲ. ಇನ್ಮೇಲೆ ಇಬ್ಬರೂ ಮನೇಲೇ ಇರಿ" ಎಂದ. ಅಂಗಡಿಯ ಮಾಲೀಕರೂ ಅವಳನ್ನು ತಡೆಯಲಿಲ್ಲ. "ಮನೆ ಮುಖ್ಯಮ್ಮ" ಎಂದರು.

ಅಡುಗೆಮನೆಯ ಡಬ್ಬಗಳ ಮೇಲೆಲ್ಲ ಗಂಡ ಹೆಸರು ಬರೆದು ಅಂಟಿಸಿದ. ಉಪ್ಪು, ಸಕ್ಕರೆ, ಸೋಪಿನ ಪುಡಿ. ಹೊರಬಾಗಿಲಿಗೆ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿದ. ಪಾಪ, ವಯಸ್ಸಾದ ಜೀವ ಎಂದುಕೊಂಡು ಸೊಸೆ ಸುಮ್ಮನಿದ್ದಳು. ಹೊಲಿಗೆ ಹಾಕಿ ಮಗನನ್ನು ಸಾಕಿದ ಆ ಮುದುಕಿ ಈಗ ಸೊಸೆಯನ್ನು ಬಿಟ್ಟು ಬೀದಿಯ ತುದಿಗೂ ಹೋಗುತ್ತಿರಲಿಲ್ಲ. ಎಲ್ಲಿಗೆ ಹೊರಟರೂ ನೆರಳಿನ ಹಾಗೆ ಹಿಂದೆ.

"ಅತ್ತೆ, ಹೂವಿಗೆ ಏನಾದ್ರೂ ಹಾಕಿದ್ರಾ?"

ಬಟಾಣಿ ಬಿಡಿಸುತ್ತಿದ್ದ ಕೈ ನಿಂತಿತು. "ಇಲ್ವಲ್ಲಮ್ಮ."

"ನಿನ್ನೆ ತಾನೇ ನಾನು ಹಾಕಿದ್ದೀನಿ. ಮೇಲಿಂದ ಮೇಲೆ ಹಾಕಿದ್ರೆ ಸತ್ತುಹೋಗುತ್ತೆ. ಎಷ್ಟು ಸಲ ಹೇಳೋದು?"

ಅತ್ತೆ ಅವಳ ಮುಖವನ್ನೇ ನೋಡಿದರು. "ಎಷ್ಟೋ ಸಲ ಹೇಳಿದ್ದೀಯಮ್ಮ."

ಸೊಸೆ ಸೀಗಡಿಯ ಡಬ್ಬವನ್ನು ಫ್ರಿಜ್ಜಿನ ಮೂಲೆಯಲ್ಲಿ, ಐಸ್ ತಟ್ಟೆಯ ಹಿಂದೆ ಬಚ್ಚಿಟ್ಟಳು. ಅತ್ತೆ ಅಷ್ಟು ಒಳಗೆ ಕೈ ಹಾಕಲಾರರು.

ಮಾರನೆಯ ದಿನ ಸ್ನಾನ ಮುಗಿಸಿ ಬಂದರೆ ಡಬ್ಬ ಮೇಜಿನ ಮೇಲಿತ್ತು, ಮುಚ್ಚಳ ತೆಗೆದಿತ್ತು. ಅತ್ತೆ ತೊಟ್ಟಿಯ ಪಕ್ಕದಲ್ಲಿದ್ದರು. ಮೊಣಕೈವರೆಗೆ ಒದ್ದೆ. ಬೆರಳುಗಳ ನಡುವೆ ಸೀಗಡಿ ಚೂರು. ಹೂವು ಮುದುಡಿ, ಹಿಂಡಿದ ಬಟ್ಟೆಯಂತೆ ಕಲ್ಲಿಗೆ ಜೋತುಬಿದ್ದಿತ್ತು.

"ತೆಗೀತಾ ಇದ್ದೆ ಕಣಮ್ಮ" ಎಂದರು ಅತ್ತೆ.

"ಹಾಕ್ತಾ ಇದ್ರಿ. ನಾನೇನು ಕುರುಡಿಯಾ?"

ಅಷ್ಟು ವರ್ಷ ಸಾಕಿದ ಜೀವ. ತೊಟ್ಟಿಯ ಅರ್ಧ ನೀರು ತೆಗೆದು ಹೊಸ ಉಪ್ಪುನೀರು ತುಂಬಿದಳು. ಬಕೆಟ್ಟು ಎತ್ತಿಕೊಡಲು ಬಂದ ಅತ್ತೆಯನ್ನು ಹತ್ತಿರ ಸೇರಿಸಲಿಲ್ಲ.

ಸಂಜೆ ಗಂಡ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ನಿಮ್ಮಮ್ಮನ್ನ ನಿಮ್ಮಕ್ಕನ ಮನೆಗೆ ಕಳಿಸಿ. ನಂಗೆ ಆಗಲ್ಲ."

"ಏನಾಯ್ತು?"

"ಹಾಕಿದ್ದನ್ನ ಮರೆತು ಮತ್ತೆ ಹಾಕ್ತಾರೆ. ಕೇಳಿದ್ರೆ ಇಲ್ಲ ಅಂತಾರೆ. ಇವತ್ತು ಹೂವು. ನಾಳೆ ಗ್ಯಾಸ್ ಹಚ್ಚಿಟ್ಟು ಮರೆತರೆ?"

ಗಂಡನ ಮುಖ ಬಿಳಿಚಿತು. ತಾಯಿಯ ಕಡೆ ನೋಡಿದ, ಏನೋ ಹೇಳಲು ಬಾಯಿ ತೆರೆದ. ಅತ್ತೆ ಅವಕಾಶ ಕೊಡಲಿಲ್ಲ.

"ಹೌದಪ್ಪ, ನಾನೇ ಹಾಕಿದ್ದು. ವಯಸ್ಸಾಯ್ತಲ್ಲ, ನೆನಪಿರಲ್ಲ."

"ಅಮ್ಮ..."

"ನಾನೇ ಅಂದೆನಲ್ಲ. ಬಿಡು."

ಒಪ್ಪಿಕೊಂಡ ಮೇಲೆ ಸೊಸೆಯ ಸಿಟ್ಟು ಜರ್ರನೆ ಇಳಿಯಿತು. ಮುದುಕಿಯ ಬೆರಳುಗಳು ಉಪ್ಪುನೀರಿಗೆ ಸುಕ್ಕುಗಟ್ಟಿದ್ದವು. ತಾನು ಹಾಗೆ ಕೂಗಾಡಬಾರದಿತ್ತು. ಕಾಯಿಲೆ ಬಂದವರ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ?

"ಡಾಕ್ಟರಿಗೆ ತೋರಿಸೋಣ" ಎಂದಳು, ಮೆತ್ತಗೆ.

"ನಾಳೆಗೇ ಹೇಳಿಟ್ಟಿದ್ದೀನಿ" ಎಂದ ಗಂಡ. ಅತ್ತೆ ಎದ್ದು ಒಳಗೆ ಹೋದರು.

ಆಸ್ಪತ್ರೆಯಲ್ಲಿ ಬಾಗಿಲ ಬಳಿಯ ನರ್ಸು ಅವಳನ್ನು ಕಂಡು ನಕ್ಕಳು. ನಗುಮುಖದ ಹುಡುಗಿ ಎಂದುಕೊಂಡಳು ಸೊಸೆ. ಬೆಂಚಿನ ಮೇಲೆ ಅತ್ತೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಹೆದರಬೇಡಿ ಅತ್ತೆ. ನಾನಿದ್ದೀನಿ."

"ನಾನೂ ಇದ್ದೀನಮ್ಮ."

ಒಳಗೆ ಸೊಸೆಯೇ ಎಲ್ಲವನ್ನೂ ಹೇಳಿದಳು. ಕಲಕಿದ ನೀರು, ಬಚ್ಚಿಟ್ಟ ಡಬ್ಬ, ಒದ್ದೆ ಕೈ. ಡಾಕ್ಟರು ನಡುವೆ ಬಾಯಿ ಹಾಕದೆ ಕೇಳಿದರು. ಗಂಡ ಕಿಟಕಿಯಾಚೆ ನೋಡುತ್ತಿದ್ದ. ಅವಳು ಮುಗಿಸಿದ ಮೇಲೆ ಡಾಕ್ಟರು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು.

"ಇದು ಯಾವ ತಿಂಗಳು, ಹೇಳ್ತೀರಾ?"

ಅವರು ನೋಡುತ್ತಿದ್ದದ್ದು ಅತ್ತೆಯನ್ನಲ್ಲ. ಸೊಸೆಗೆ ನಗು ಬಂತು.

"ಡಾಕ್ಟರೇ, ಕಾಯಿಲೆ ಇರೋದು ನಮ್ಮತ್ತೆಗೆ. ನನ್ನನ್ಯಾಕೆ ಕೇಳ್ತೀರಿ?"

ಯಾರೂ ನಗಲಿಲ್ಲ. ಅತ್ತೆಯ ಹಿಡಿತ ಇನ್ನಷ್ಟು ಬಿಗಿಯಾಯಿತು.

"ಹೋದ ಸಲ ಬಂದಾಗಲೂ ನೀವು ಇದನ್ನೇ ಕೇಳಿದ್ರಿ" ಎಂದರು ಡಾಕ್ಟರು.